ದೇಶೀತಾಳದಿಂದ ಹಕ್ಕಿಹಾಡಿನವರೆಗೆ: ಒಲಿವಿಯೇ ಮೆಸ್ಸಿಯಾಂ ಕಟ್ಟಿದ ಕಾಲ

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಸ್ವರಗಳ ಕಥೆಯನ್ನೇ ಹೇಳಿದ್ದಾರೆ. ಆಧಾರಸ್ವರವೊಂದರಿಂದ ಹೊರಟು ಮತ್ತೆ ಅದೇ ಸ್ವರದಲ್ಲಿ ವಿಶ್ರಾಂತಿ ಪಡೆಯುವ ಹಳೆಯ ವ್ಯವಸ್ಥೆ ಹೇಗೆ ಸಡಿಲಗೊಂಡಿತು, ವಿಯೆನ್ನಾದ ಅರ್ನಾಲ್ಡ್ ಶೋನ್‌ಬರ್ಗ್ ಹನ್ನೆರಡು ಸ್ವರಸ್ಥಾನಗಳಿಗೂ ಸಮಾನ ಸ್ಥಾನ ಕೊಡುವ ಹೊಸ ಪದ್ಧತಿಯನ್ನು ಹೇಗೆ ರೂಪಿಸಿದರು ಎಂಬುದು ಈ ಕಥೆಯ ತಿರುಳು. ಆದರೆ ಅದೇ ಶತಮಾನದಲ್ಲಿ ಲಯದ ಕ್ಷೇತ್ರದಲ್ಲಿಯೂ ಅಷ್ಟೇ ದೊಡ್ಡದಾದ ಇನ್ನೊಂದು ಪಲ್ಲಟ ನಡೆಯಿತು. ಅದರ ಕೇಂದ್ರದಲ್ಲಿ ನಿಂತವರು ಫ್ರಾನ್ಸಿನ ಸಂಗೀತ ಸಂಯೋಜಕ ಒಲಿವಿಯೇ ಮೆಸ್ಸಿಯಾಂ (1908–1992). ಅವರು ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ವಾದಕರು, ಮೂರು ಪೀಳಿಗೆಯ ಸಂಯೋಜಕರಿಗೆ ಪಾಠ ಹೇಳಿದ ಗುರು, ಹಕ್ಕಿಗಳ ಹಾಡನ್ನು ಸ್ವರಲಿಪಿಯಲ್ಲಿ ದಾಖಲಿಸಿದ ಪಕ್ಷಿತಜ್ಞರು. ಇವೆಲ್ಲಕ್ಕಿಂತ ಮೊದಲು ತಾವೊಬ್ಬ ಲಯಶಾಸ್ತ್ರಜ್ಞ ಎಂದು ಹೇಳಿಕೊಳ್ಳುವುದು ಅವರಿಗೆ ಪ್ರಿಯವಾಗಿತ್ತು.

ಮೆಸ್ಸಿಯಾಂ ಅವರ ಲಯಚಿಂತನೆಯ ಮುಖ್ಯ ಆಕರಗಳಲ್ಲಿ ಒಂದು ಹದಿಮೂರನೆಯ ಶತಮಾನದಲ್ಲಿ ದಖ್ಖನಿನಲ್ಲಿ ರಚಿತವಾದ ಸಂಸ್ಕೃತ ಗ್ರಂಥವಾದ್ದರಿಂದ, ಅವರ ಬದುಕು ಮತ್ತು ಕೃತಿಗಳು ತಾಳದ ಸಂಸ್ಕಾರವಿರುವ ಕನ್ನಡದ ಕೇಳುಗರಿಗೆ ಪರಕೀಯವಾಗಬೇಕಿಲ್ಲ. ದೈವಶ್ರದ್ಧೆ, ತಾಳ, ಪಕ್ಷಿಗಾನ, ಬಣ್ಣ ಎಂದು ಚೆದುರಿದಂತೆ ಕಾಣುವ ಅವರ ಆಸಕ್ತಿಗಳನ್ನೆಲ್ಲ ಒಂದೇ ಪ್ರಶ್ನೆ ಬೆಸೆದಿದೆ: ಕಾಲದಲ್ಲಿ ಮಾತ್ರ ಇರಬಲ್ಲ ಕಲೆಯಾದ ಸಂಗೀತ, ಕಾಲವನ್ನು ಮೀರಿದ್ದನ್ನು ಕೇಳಿಸಬಲ್ಲದೇ? ಅವರ ಆರು ದಶಕಗಳ ರಚನೆಗಳನ್ನು ಈ ಪ್ರಶ್ನೆಗೆ ಹುಡುಕಿದ ಉತ್ತರಗಳೆಂದು ಓದಿದಾಗಲೇ ಅವುಗಳ ಒಳಸಂಬಂಧ ಸ್ಪಷ್ಟವಾಗುತ್ತದೆ.

ಕಾವ್ಯದ ಮನೆ, ಆರ್ಗನ್ನಿನ ಪೀಠ

ಮೆಸ್ಸಿಯಾಂ ಹುಟ್ಟಿದ್ದು 1908ರ ಡಿಸೆಂಬರ್ 10ರಂದು, ದಕ್ಷಿಣ ಫ್ರಾನ್ಸಿನ ಅವಿನ್ಯೋನ್ ನಗರದಲ್ಲಿ. ತಂದೆ ಪಿಯರ್ ಮೆಸ್ಸಿಯಾಂ ಇಂಗ್ಲಿಷ್ ಅಧ್ಯಾಪಕರಾಗಿದ್ದು, ಶೇಕ್ಸ್‌ಪಿಯರನ ನಾಟಕಗಳನ್ನು ಫ್ರೆಂಚಿಗೆ ಅನುವಾದಿಸಿದವರು. ತಾಯಿ ಸೆಸೀಲ್ ಸೊವಾಜ್ ಕವಯಿತ್ರಿ, ಒಡಲಲ್ಲಿದ್ದ ಮಗುವನ್ನು ಉದ್ದೇಶಿಸಿ ಕವಿತೆಗಳನ್ನು ಬರೆದವರು. ಮೊದಲ ಮಹಾಯುದ್ಧಕ್ಕೆ ತಂದೆ ಹೊರಟುಹೋದ ವರ್ಷಗಳಲ್ಲಿ ಬಾಲಕ ಆಲ್ಪ್ಸ್ ಪರ್ವತಗಳ ತಪ್ಪಲಿನ ಗ್ರೆನೋಬ್ಲ್‌ನಲ್ಲಿ ತಾಯಿಯೊಂದಿಗೆ ಬೆಳೆದು, ಪಿಯಾನೊವನ್ನು ಬಹುಮಟ್ಟಿಗೆ ತಾನೇ ಕಲಿತುಕೊಂಡ. ಯುದ್ಧ ಮುಗಿದ ಮೇಲೆ ಕುಟುಂಬ ನಾಂತ್ ನಗರದಲ್ಲಿ ಕೆಲಕಾಲ ನೆಲೆಸಿದಾಗ, ಅಲ್ಲಿಯ ಸಂಗೀತ ಶಿಕ್ಷಕರೊಬ್ಬರು ಹತ್ತು ವರ್ಷದ ಹುಡುಗನಿಗೆ ಕ್ಲೋಡ್ ದೆಬ್ಯುಸಿಯ ‘ಪೆಲೆಯಾಸ್ ಎ ಮೆಲಿಸಾಂದ್’ ಎಂಬ ಒಪೆರಾದ, ಅಂದರೆ ಆದ್ಯಂತ ಹಾಡಿನಲ್ಲೇ ಸಾಗುವ ನಾಟಕದ, ಸ್ವರಲಿಪಿಯನ್ನು ಉಡುಗೊರೆಯಾಗಿ ಕೊಟ್ಟರು. ನಿಯಮಿತ ಹೆಜ್ಜೆಗಳ ಹಂಗಿಲ್ಲದೆ ಮಾತಿನ ಉಸಿರಾಟವನ್ನು ಹಿಂಬಾಲಿಸುವ ಆ ಸಂಗೀತವೇ ತಮ್ಮ ದಾರಿಯನ್ನು ನಿರ್ಧರಿಸಿತೆಂದು ಮೆಸ್ಸಿಯಾಂ ಮುಂದೆ ಪದೇಪದೇ ಸ್ಮರಿಸಿದ್ದಾರೆ.

ಹನ್ನೊಂದನೆಯ ವಯಸ್ಸಿನಲ್ಲಿ, 1919ರಲ್ಲಿ, ಅವರು ಪ್ಯಾರಿಸ್ ಕನ್ಸರ್ವೇಟರಿಗೆ ಸೇರಿದರು. ಫ್ರಾನ್ಸಿನ ಸಂಗೀತ ಶಿಕ್ಷಣದ ಅತ್ಯುನ್ನತ ಸಂಸ್ಥೆಯಾದ ಅಲ್ಲಿ ಪೋಲ್ ದ್ಯುಕಾ ಅವರಿಂದ ಸಂಯೋಜನೆಯನ್ನೂ, ಮಾರ್ಸೆಲ್ ದ್ಯುಪ್ರೇ ಅವರಿಂದ ಆರ್ಗನ್ ವಾದನವನ್ನೂ ಕಲಿತರು. ಮೊರೀಸ್ ಎಮಾನ್ಯುಯೆಲ್ ಅವರ ತರಗತಿಯಲ್ಲಿ ಪ್ರಾಚೀನ ಗ್ರೀಕ್ ಛಂದಸ್ಸಿನ ಪರಿಚಯವಾಯಿತು. ನಮ್ಮ ಲಘು–ಗುರುಗಳಂತೆಯೇ ಹ್ರಸ್ವ–ದೀರ್ಘ ಅಕ್ಷರಗಳ ಮೇಲೆ ನಿಂತ ಆ ಛಂದಸ್ಸು, ಲಯವೆಂದರೆ ಸಮಾನ ಅಂತರದ ಬಡಿತಗಳ ಸಾಲು ಮಾತ್ರವಲ್ಲ, ಬೇರೆ ಬೇರೆ ಉದ್ದದ ಕಾಲಖಂಡಗಳ ಜೋಡಣೆಯೂ ಹೌದು ಎಂಬ ಅರಿವನ್ನು ಅವರಲ್ಲಿ ಬಿತ್ತಿತು.

1931ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಮೆಸ್ಸಿಯಾಂ ಪ್ಯಾರಿಸಿನ ಲಾ ತ್ರಿನಿತೇ ಚರ್ಚಿನ ಆರ್ಗನ್ ವಾದಕರಾಗಿ ನೇಮಕಗೊಂಡರು. ಸಾಯುವವರೆಗೂ, ಅಂದರೆ ಸುಮಾರು ಅರವತ್ತು ವರ್ಷಗಳ ಕಾಲ, ಆ ಪೀಠವನ್ನು ಅವರು ಬಿಡಲಿಲ್ಲ. ಪೈಪ್ ಆರ್ಗನ್ ಎಂಬುದು ನೂರಾರು, ಕೆಲವೊಮ್ಮೆ ಸಾವಿರಾರು ಕೊಳವೆಗಳ ಮೂಲಕ ಗಾಳಿ ಹಾಯಿಸಿ ನುಡಿಸುವ ಬೃಹತ್ ವಾದ್ಯ. ವೀಣೆಯ ತಂತಿಯನ್ನು ಮೀಟಿದ ಮೇಲಾಗಲಿ ಪಿಯಾನೊದ ಮನೆಯನ್ನು ಒತ್ತಿದ ಮೇಲಾಗಲಿ ನಾದ ಕ್ರಮೇಣ ಕ್ಷೀಣಿಸುತ್ತದೆ. ಆರ್ಗನ್ನಿನ ಸ್ವರವಾದರೋ ಬೆರಳು ಒತ್ತಿರುವಷ್ಟು ಹೊತ್ತೂ ಒಂದಿಷ್ಟೂ ಕುಗ್ಗದೆ ನಿಲ್ಲುತ್ತದೆ. ಸ್ವರವೊಂದು ಬದಲಾವಣೆಯಿಲ್ಲದೆ ಎಷ್ಟು ಹೊತ್ತಾದರೂ ಇರಬಲ್ಲದು ಎಂಬ ಈ ಗುಣ ಸಂಯೋಜಕ ಮೆಸ್ಸಿಯಾಂ ಅವರನ್ನು ರೂಪಿಸಿತು. 1928ರಷ್ಟು ಹಿಂದೆಯೇ ಬರೆದ ‘ದಿವ್ಯ ಭೋಜನ’ ಎಂಬರ್ಥದ ಕಿರು ಆರ್ಗನ್ ಕೃತಿಯಲ್ಲಿ ಸ್ವರಗಳು ಅದೆಷ್ಟು ನಿಧಾನವಾಗಿ ಸರಿಯುತ್ತವೆಂದರೆ, ಕೇಳುಗರಿಗೆ ಕಾಲದ ಚಲನೆಯೇ ನಿಂತಂತೆ ಅನುಭವವಾಗುತ್ತದೆ. ನಿಷ್ಠಾವಂತ ಕ್ಯಾಥೊಲಿಕರಾಗಿದ್ದ ಅವರ ಪಾಲಿಗೆ ಅನಂತತೆಯು ಪ್ರಾರ್ಥನೆಯ ವಿಷಯವಾಗಿತ್ತು. ಅದನ್ನು ನಾದದಲ್ಲಿ ಕೇಳಿಸುವ ತಂತ್ರವನ್ನು ಅವರು ಮೊದಲು ಕಲಿತದ್ದು ಈ ವಾದ್ಯದಿಂದ.

ಶಾರ್ಙ್ಗದೇವನ ನೂರಿಪ್ಪತ್ತು ತಾಳಗಳು

ಯುವಕ ಮೆಸ್ಸಿಯಾಂ ಅವರ ಕೈಗೆ ಬಂದ ಪುಸ್ತಕಗಳಲ್ಲಿ, ಆಲ್ಬೇರ್ ಲಾವಿನ್ಯಾಕ್ ಸಂಪಾದಿಸಿದ ಬಹುಸಂಪುಟಗಳ ಫ್ರೆಂಚ್ ಸಂಗೀತ ವಿಶ್ವಕೋಶವೂ ಒಂದು. ಅದರಲ್ಲಿ ಜೊವಾನಿ ಗ್ರೊಸೆ ಎಂಬ ವಿದ್ವಾಂಸರು ಭಾರತದ ಸಂಗೀತದ ಬಗ್ಗೆ ಬರೆದ ದೀರ್ಘ ಲೇಖನವಿತ್ತು. ಆ ಲೇಖನದಲ್ಲಿ ಶಾರ್ಙ್ಗದೇವನ ‘ಸಂಗೀತರತ್ನಾಕರ’ದಿಂದ ಆಯ್ದ 120 ದೇಶೀತಾಳಗಳ ಪಟ್ಟಿಯಿತ್ತು. ಶಾರ್ಙ್ಗದೇವ ದೇವಗಿರಿಯ ಸೇವುಣ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದವನು. ಅವನ ಗ್ರಂಥಕ್ಕೆ ಹದಿನೈದನೆಯ ಶತಮಾನದಲ್ಲಿ ‘ಕಲಾನಿಧಿ’ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥ ವಿಜಯನಗರದವನು. ಹಾಗಾಗಿ ಪ್ಯಾರಿಸಿನ ವಿದ್ಯಾರ್ಥಿಯೊಬ್ಬನ ಕಣ್ಣಿಗೆ ಬಿದ್ದ ಆ ಪಟ್ಟಿಯ ಹಿಂದೆ, ಕರ್ನಾಟಕದ ವಿದ್ವತ್ತೂ ಸೇರಿ ಬೆಳೆದ ಒಂದು ಶಾಸ್ತ್ರಪರಂಪರೆಯೇ ಇದೆ.

ದೇಶೀತಾಳಗಳನ್ನು ದ್ರುತ, ಲಘು, ಗುರು, ಪ್ಲುತ ಎಂಬ ಅಂಗಗಳಿಂದ ಕಟ್ಟುತ್ತಾರೆ. ಲಘು ಒಂದು ಮಾತ್ರೆಯಾದರೆ ದ್ರುತ ಅರ್ಧ, ಗುರು ಎರಡು, ಪ್ಲುತ ಮೂರು. ವಿರಾಮವೆಂಬ ಚಿಹ್ನೆ ಸೇರಿದರೆ ಆ ಅಂಗ ತನ್ನ ಅರ್ಧದಷ್ಟು ಹಿಗ್ಗುತ್ತದೆ. ಚಂದ್ರಕಲಾ ಎಂಬ ತಾಳದಲ್ಲಿ ಮೂರು ಗುರು, ಮೂರು ಪ್ಲುತ, ಕೊನೆಗೊಂದು ಲಘು ಬಂದು ಒಟ್ಟು 16 ಮಾತ್ರೆಗಳಾಗುತ್ತವೆ. ಕೊನೆಯ ಆ ಒಂದೇ ಒಂದು ಲಘು ಇಡೀ ವಿನ್ಯಾಸದ ಸಮತೋಲವನ್ನು ಕದಲಿಸುವ ಬಗೆ, ವಿರಾಮದ ಅರ್ಧಾಂಶ ಸಮನಾದ ನಡಿಗೆಯನ್ನು ಥಟ್ಟನೆ ಒಡೆಯುವ ಬಗೆ ಮೆಸ್ಸಿಯಾಂ ಅವರನ್ನು ಸೆಳೆದವು. ಯಾವುದೇ ಲಯವಿನ್ಯಾಸಕ್ಕೆ ಕಿರಿದಾದ ಕಾಲಾಂಶವೊಂದನ್ನು ಕೂಡಿಸಿ ಅದರ ಏಕತಾನತೆಯನ್ನು ಮುರಿಯುವ ‘ಕೂಡಿಸಿದ ಮೌಲ್ಯ’ ಎಂಬ ಅವರ ತಂತ್ರ ಇಂಥ ಅಧ್ಯಯನದಿಂದ ಬಲಗೊಂಡಿತು. ಮುಂದಿನಿಂದ ಹಿಂದಕ್ಕೆ ಓದಿದರೂ ಹಿಂದಿನಿಂದ ಮುಂದಕ್ಕೆ ಓದಿದರೂ ಒಂದೇ ಆಗಿರುವ ಲಯಗಳನ್ನು ಅವರು ‘ಹಿಮ್ಮುಖವಾಗದ ಲಯಗಳು’ ಎಂದು ಕರೆದರು. ಕಾವ್ಯದ ಗತಪ್ರತ್ಯಾಗತವನ್ನೂ, ತಾಳದ ದಶಪ್ರಾಣಗಳಲ್ಲಿ ಒಂದಾದ ಯತಿಯ ಪ್ರಭೇದಗಳಲ್ಲಿ ಎರಡು ಪಕ್ಕಗಳೂ ಸಮವಾಗಿರುವ ಡಮರುಯತಿಯನ್ನೂ ಬಲ್ಲವರಿಗೆ ಈ ಕಲ್ಪನೆ ಅಪರಿಚಿತವಲ್ಲ. ಆದಿ–ಅಂತ್ಯಗಳ ಭೇದವೇ ಇಲ್ಲದ ಇಂಥ ಲಯ ಮೆಸ್ಸಿಯಾಂ ಅವರಿಗೆ, ಹರಿಯುವ ಕಾಲದೊಳಗೇ ನಿಶ್ಚಲವಾಗಿ ನಿಂತ ತುಣುಕಾಗಿ ಕಂಡಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಭಾರತದ ಸಂಗೀತದಲ್ಲಿ ತಾಳವೆಂದರೆ ಆವರ್ತನ. ಕೈಯ ಘಾತ–ವಿಸರ್ಜಿತಗಳ ಮೂಲಕ ಗಾಯಕ, ವಾದಕ ಮತ್ತು ಸಭಿಕರೆಲ್ಲರೂ ಒಟ್ಟಾಗಿ ಹಿಡಿದುಕೊಳ್ಳುವ ಚೌಕಟ್ಟು. ಮೆಸ್ಸಿಯಾಂ ತಮಗೆ ಪುಸ್ತಕದಲ್ಲಿ ಸಿಕ್ಕಿದ ತಾಳಗಳನ್ನು ಆವರ್ತನದ ಚೌಕಟ್ಟಾಗಿ ಬಳಸದೆ, ರಚನೆಯ ಯಾವ ಎಳೆಗೆ ಬೇಕಾದರೂ ಅನ್ವಯಿಸಬಹುದಾದ ಕಾಲಮಾನಗಳ ಸಾಲಾಗಿ ಬಳಸಿಕೊಂಡರು. ತಾಳವನ್ನು ಅದರ ಕ್ರಿಯೆಯಿಂದ ಬೇರ್ಪಡಿಸಿದ ಈ ಬಳಕೆಯನ್ನು ಭಾರತೀಯ ಸಂಗೀತದ ಅನುಸರಣೆ ಎನ್ನಲಾಗದು. ಆದರೆ ಸುಳಾದಿ ತಾಳಗಳ ವ್ಯವಸ್ಥೆ ನೆಲೆಗೊಂಡು ದೇಶೀತಾಳಗಳಲ್ಲಿ ಬಹುಪಾಲು ನಮ್ಮ ಕಛೇರಿಗಳಿಂದ ಮರೆಯಾಗಿ, ಶಾಸ್ತ್ರಗ್ರಂಥಗಳಲ್ಲಿ ಮತ್ತು ಕೆಲವೇ ಲಯವಿದ್ವಾಂಸರ ನೆನಪಿನಲ್ಲಿ ಉಳಿದಿದ್ದ ಕಾಲದಲ್ಲಿ, ಅವುಗಳಿಂದ ಹೊಸ ಸಂಗೀತ ಹುಟ್ಟಬಲ್ಲದೆಂದು ಪರದೇಶದ ಸಂಯೋಜಕರೊಬ್ಬರು ತೋರಿಸಿದರು ಎಂಬುದೂ ಅಷ್ಟೇ ನಿಜ.

ಸೆರೆಶಿಬಿರದಲ್ಲಿ ಹುಟ್ಟಿದ ಕೃತಿ

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಮೆಸ್ಸಿಯಾಂ ಸೇನೆಗೆ ಕರೆಸಲ್ಪಟ್ಟರು. ದೃಷ್ಟಿ ಮಂದವಾಗಿದ್ದುದರಿಂದ ಅವರನ್ನು ವೈದ್ಯಕೀಯ ಸಹಾಯಕ ಕೆಲಸಕ್ಕೆ ಹಾಕಲಾಗಿತ್ತು. 1940ರಲ್ಲಿ ಜರ್ಮನ್ ಪಡೆಗಳು ಅವರನ್ನು ಸೆರೆಹಿಡಿದು ಗೊರ್ಲಿಟ್ಸ್ ನಗರದ ಬಳಿಯ ‘ಸ್ಟಾಲಾಗ್ 8–ಎ’ ಎಂಬ ಯುದ್ಧಕೈದಿಗಳ ಶಿಬಿರಕ್ಕೆ ಸಾಗಿಸಿದವು. ಅಲ್ಲಿ ಅವರ ಜೊತೆಗಿದ್ದವರಲ್ಲಿ ಚೆಲೊ ವಾದಕ ಎತಿಯೆನ್ ಪಾಸ್ಕಿಯೇ, ಕ್ಲ್ಯಾರಿನೆಟ್ ವಾದಕ ಆಂರಿ ಅಕೋಕಾ ಮತ್ತು ಪಿಟೀಲುವಾದಕ ಜಾನ್ ಲ ಬೂಲೇರ್ ಇದ್ದರು. ಸಂಗೀತಪ್ರಿಯನಾಗಿದ್ದ ಕಾರ್ಲ್–ಆಲ್ಬರ್ಟ್ ಬ್ರ್ಯೂಲ್ ಎಂಬ ಜರ್ಮನ್ ಸಿಬ್ಬಂದಿ ಕಾಗದ, ಪೆನ್ಸಿಲು ಒದಗಿಸಿಕೊಟ್ಟು ನೆರವಾದ. ಪಿಟೀಲು, ಕ್ಲ್ಯಾರಿನೆಟ್, ಚೆಲೊ, ಪಿಯಾನೊ ಎಂಬ, ಸಂಪ್ರದಾಯದಲ್ಲಿ ಅಪರೂಪವೇ ಆದ ಈ ಕೂಟಕ್ಕಾಗಿ ಮೆಸ್ಸಿಯಾಂ ರಚಿಸಿದ ಎಂಟು ಭಾಗಗಳ ಕೃತಿಯೇ ‘ಕಾಲಾಂತ್ಯಕ್ಕಾಗಿ ಚತುರ್ವಾದ್ಯ’. 1941ರ ಜನವರಿ 15ರ ಕೊರೆಯುವ ಚಳಿಯಲ್ಲಿ, ಶಿಬಿರದ ಬಿಡಾರವೊಂದರಲ್ಲಿ, ಸಹಕೈದಿಗಳ ಮತ್ತು ಕಾವಲಿನ ಅಧಿಕಾರಿಗಳ ಎದುರು ಅದರ ಮೊದಲ ಪ್ರಯೋಗ ನಡೆಯಿತು.

ಈ ಘಟನೆಯ ಸುತ್ತ ಬೆಳೆದ ಉತ್ಪ್ರೇಕ್ಷೆಗಳನ್ನು ಸಂಶೋಧಕರು ಬೇರ್ಪಡಿಸಿದ್ದಾರೆ. ಐದು ಸಾವಿರ ಜನ ಕೇಳಿದರೆಂದೂ, ಚೆಲೊಗೆ ಮೂರೇ ತಂತಿಗಳಿದ್ದವೆಂದೂ ಮೆಸ್ಸಿಯಾಂ ಹೇಳುತ್ತಿದ್ದರು; ತಮ್ಮ ವಾದ್ಯಕ್ಕೆ ನಾಲ್ಕೂ ತಂತಿಗಳಿದ್ದವೆಂದು ಪಾಸ್ಕಿಯೇ ಸ್ಪಷ್ಟಪಡಿಸಿದ್ದಾರೆ, ಕೇಳುಗರ ಸಂಖ್ಯೆಯೂ ಕೆಲವು ನೂರುಗಳಲ್ಲಷ್ಟೇ ಇದ್ದಿರಬೇಕು. ಬಿಡಾರದ ಗಾತ್ರವನ್ನು ಗಮನಿಸಿದರೆ ಅದಕ್ಕಿಂತ ಹೆಚ್ಚು ಜನ ಹಿಡಿಸುವಂತಿರಲಿಲ್ಲ. ಈ ತಿದ್ದುಪಡಿಗಳಿಂದ ಕೃತಿಯ ಘನತೆಗೆ ಯಾವ ಕುಂದೂ ಇಲ್ಲ. ಬೈಬಲಿನ ಕೊನೆಯ ಗ್ರಂಥದಲ್ಲಿ ದೇವದೂತನೊಬ್ಬ ಇನ್ನು ಕಾಲವಿಲ್ಲವೆಂದು ಸಾರುವ ಪ್ರಸಂಗವೇ ಕೃತಿಯ ಪ್ರೇರಣೆ. ಆದರೆ ಮೆಸ್ಸಿಯಾಂ ಅಲ್ಲಿಯ ಪ್ರಳಯದ ಭೀಕರತೆಯನ್ನು ಚಿತ್ರಿಸುವುದರಲ್ಲೇ ನಿಲ್ಲದೆ, ಕಾಲ ಮುಗಿಯುವುದೆಂದರೆ ಏನೆಂಬುದನ್ನು ಲಯದ ರಚನೆಯಲ್ಲಿಯೇ ತೋರಿಸಹೊರಟರು.

ಮೊದಲ ಭಾಗ ಇದಕ್ಕೆ ಉತ್ತಮ ನಿದರ್ಶನ. ಅಲ್ಲಿ ಕ್ಲ್ಯಾರಿನೆಟ್ ಮತ್ತು ಪಿಟೀಲು ಬೆಳಗಿನ ಹಕ್ಕಿಗಳಂತೆ ಹಾಡುತ್ತಿರುವಾಗ, ಪಿಯಾನೊ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ಮೂರು ದೇಶೀತಾಳಗಳನ್ನು ಪೋಣಿಸಿ ಮಾಡಿದ 17 ಕಾಲಮಾನಗಳ ಸಾಲನ್ನು ಮತ್ತೆ ಮತ್ತೆ ನುಡಿಸುತ್ತದೆ. ಅದೇ ಪಿಯಾನೊ ನುಡಿಸುವ ಕಾರ್ಡ್‌ಗಳ, ಅಂದರೆ ಏಕಕಾಲದಲ್ಲಿ ಮೊಳಗುವ ಸ್ವರಗುಚ್ಛಗಳ ಸಾಲಿನಲ್ಲಿ ಇರುವುದು 29. ಹದಿನೇಳೂ ಇಪ್ಪತ್ತೊಂಬತ್ತೂ ಅವಿಭಾಜ್ಯ ಸಂಖ್ಯೆಗಳಾದ್ದರಿಂದ, ಎರಡು ಸಾಲುಗಳೂ ಒಟ್ಟಿಗೆ ಮತ್ತೆ ಮೊದಲಿಗೆ ಬರಬೇಕಾದರೆ 493 ಕಾರ್ಡ್‌ಗಳು ಕಳೆಯಬೇಕು. ಅಷ್ಟರೊಳಗೆ, ಸುಮಾರು ಮೂರು ನಿಮಿಷಗಳಲ್ಲೇ, ಸಂಗೀತ ನಿಂತುಹೋಗುತ್ತದೆ. ನಮ್ಮ ಮೃದಂಗವಿದ್ವಾಂಸರು ಮುಕ್ತಾಯವನ್ನು ಹೆಣೆಯುವಾಗಲೂ ಇಂಥದೇ ಗಣಿತವನ್ನು ಮಾಡುತ್ತಾರೆ. ಅಲ್ಲಿ ಲೆಕ್ಕದ ಗುರಿ ಸಮಕ್ಕೆ ಬಂದು ಸೇರುವುದು, ಇಲ್ಲಿ ಅದೇ ಲೆಕ್ಕ ಸಮವನ್ನು ಕೈಗೆಟುಕದಷ್ಟು ದೂರಕ್ಕೆ ಸರಿಸುತ್ತದೆ. ಎಂದೋ ಆರಂಭವಾಗಿ ಎಂದೂ ಮುಗಿಯದ ಚಲನೆಯೊಂದರ ತುಣುಕು ಮಾತ್ರ ತನ್ನ ಕಿವಿಗೆ ಬಿತ್ತೆಂಬ ಭಾವ ಕೇಳುಗನಲ್ಲಿ ಮೂಡುವುದು ಇದರಿಂದಲೇ. ಆರನೆಯ ಭಾಗದಲ್ಲಿ ನಾಲ್ಕೂ ವಾದ್ಯಗಳು ಸ್ವರಮೇಳವನ್ನು ಬದಿಗಿಟ್ಟು ಒಂದೇ ಸ್ವರಪಂಕ್ತಿಯನ್ನು ಒಟ್ಟಾಗಿ ನುಡಿಸುತ್ತವೆ. ಅಲ್ಲಿ ಕೇಳುಗನ ಗಮನಕ್ಕೆ ಉಳಿಯುವುದು ಕೂಡಿಸಿದ ಮೌಲ್ಯಗಳಿಂದಲೂ ಹಿಮ್ಮುಖವಾಗದ ಲಯಗಳಿಂದಲೂ ತುಂಬಿದ ಲಯ ಮಾತ್ರ. ಐದನೆಯ ಮತ್ತು ಎಂಟನೆಯ ಭಾಗಗಳಲ್ಲಾದರೋ, ಮೆಸ್ಸಿಯಾಂ ಯುದ್ಧಕ್ಕೆ ಮುಂಚೆ ರಚಿಸಿದ್ದ ಸಂಗೀತವನ್ನೇ ಮಾರ್ಪಡಿಸಿ ಬಳಸಿದ್ದು, ಆರ್ಗನ್ನಿನಿಂದ ಕಲಿತ ಅತಿವಿಳಂಬದ ನಡೆ ಚೆಲೊ ಮತ್ತು ಪಿಟೀಲಿನ ಕಂಠಕ್ಕೆ ಬಂದಿದೆ.

ಸ್ವರಗುಂಪುಗಳು ಮತ್ತು ಬಣ್ಣಗಳು

1941ರಲ್ಲಿ ಬಿಡುಗಡೆಯಾಗಿ ಪ್ಯಾರಿಸಿಗೆ ಮರಳಿದ ಮೆಸ್ಸಿಯಾಂ ಕನ್ಸರ್ವೇಟರಿಯಲ್ಲಿ ಅಧ್ಯಾಪಕರಾದರು. 1944ರಲ್ಲಿ ‘ನನ್ನ ಸಂಗೀತಭಾಷೆಯ ತಂತ್ರ’ ಎಂಬ ಗ್ರಂಥದಲ್ಲಿ ತಮ್ಮ ಪದ್ಧತಿಯನ್ನು ತಾವೇ ವಿವರಿಸಿದರು. ಅದರಲ್ಲಿ ಲಯದ ಜೊತೆಗೆ ಪ್ರಮುಖವಾಗಿ ಬರುವುದು ‘ಸೀಮಿತ ಸ್ಥಾನಾಂತರದ ಸ್ವರಗುಂಪುಗಳು’. ಈ ಕಲ್ಪನೆಯನ್ನು ಗೋಪ್ರಿಯ ರಾಗದ ಮೂಲಕ ಸುಲಭವಾಗಿ ತಿಳಿಯಬಹುದು. ಗೋಪ್ರಿಯದ ಆರು ಸ್ವರಗಳ ನಡುವಿನ ಅಂತರಗಳೆಲ್ಲ ಸಮಾನವಾದ್ದರಿಂದ, ಯಾವ ಸ್ವರವನ್ನು ಷಡ್ಜವೆಂದು ಹಿಡಿದು ಗ್ರಹಭೇದ ಮಾಡಿದರೂ ಹೊಸ ರಾಗ ಹುಟ್ಟದೆ ಗೋಪ್ರಿಯವೇ ಮರಳಿ ಬರುತ್ತದೆ. ಇದೇ ಗುಂಪನ್ನು ಒಂದು ಸ್ವರಸ್ಥಾನದಷ್ಟು ಮೇಲಕ್ಕೆ ಸರಿಸಿದರೆ ಉಳಿದ ಆರು ಸ್ವರಗಳು ಸಿಗುತ್ತವೆ, ಇನ್ನೊಂದು ಸ್ಥಾನ ಸರಿಸಿದರೆ ಮೊದಲಿನ ಆರೇ ಮತ್ತೆ ಬರುತ್ತವೆ. ಅಂದರೆ ಅದನ್ನು ಎರಡೇ ಬಗೆಯಲ್ಲಿ ಇರಿಸಲು ಸಾಧ್ಯ. ಹೀಗೆ ಹನ್ನೆರಡು ಬಾರಿ ಸರಿಯುವ ಮೊದಲೇ ತನಗೆ ತಾನೇ ಮರಳುವ ಏಳು ಸ್ವರಗುಂಪುಗಳನ್ನು ಮೆಸ್ಸಿಯಾಂ ಪಟ್ಟಿಮಾಡಿದರು. ಇವುಗಳಲ್ಲಿ ಯಾವ ಒಂದು ಸ್ವರಕ್ಕೂ ಆಧಾರಸ್ವರದ ಅಧಿಕಾರ ಪೂರ್ಣವಾಗಿ ದಕ್ಕುವುದಿಲ್ಲವಾದ್ದರಿಂದ, ಸಂಗೀತ ಎಲ್ಲಿಗೋ ತಲುಪಲೇಬೇಕೆಂಬ ಒತ್ತಡವಿಲ್ಲದೆ ತೇಲಬಲ್ಲದು. ಹಿಮ್ಮುಖವಾಗದ ಲಯ ಕಾಲದಲ್ಲಿ ಮಾಡುವ ಕೆಲಸವನ್ನೇ ಈ ಗುಂಪುಗಳು ಸ್ವರದಲ್ಲಿ ಮಾಡುತ್ತವೆ. ಎರಡರ ಸಾಂಗತ್ಯವನ್ನು ಮೆಸ್ಸಿಯಾಂ ಅವರೇ ತಮ್ಮ ಗ್ರಂಥದಲ್ಲಿ ಎತ್ತಿ ಹೇಳಿದ್ದಾರೆ.

ಸ್ವರಗುಚ್ಛಗಳನ್ನು ಕೇಳಿದಾಗ ಅಥವಾ ಸ್ವರಲಿಪಿಯಲ್ಲಿ ಓದಿದಾಗ ಅವರ ಮನಸ್ಸಿಗೆ ನಿರ್ದಿಷ್ಟ ಬಣ್ಣಗಳು ಕಾಣುತ್ತಿದ್ದವು. ಹಾಗಾಗಿ ಒಂದು ಕಾರ್ಡನ್ನು ಅವರು ಆರಿಸಿಕೊಳ್ಳುತ್ತಿದ್ದುದು ಅದು ಮುಂದಿನ ಕಾರ್ಡಿಗೆ ದಾರಿಮಾಡುತ್ತದೆಂಬ ಕಾರಣಕ್ಕಿಂತ, ಅದು ನೇರಳೆಯೋ ನೀಲಿಯೋ ಕಿತ್ತಳೆಯೋ ಆಗಿ ತನ್ನಷ್ಟಕ್ಕೆ ಬೆಳಗುತ್ತದೆಂಬ ಕಾರಣಕ್ಕೆ. ಗೋಥಿಕ್ ಚರ್ಚುಗಳ ಬಣ್ಣದ ಗಾಜಿನ ಕಿಟಕಿಗಳ ಮೇಲೆ ಅವರಿಗಿದ್ದ ಜೀವನಪರ್ಯಂತದ ಮೋಹವೂ ಇದಕ್ಕೆ ಸೇರಿಕೊಂಡಿತು.

ತುರಂಗಲೀಲಾ ಮತ್ತು ಗುರುಪೀಠ

ಅಮೆರಿಕದ ಬಾಸ್ಟನ್ ಸಿಂಫನಿ ವಾದ್ಯವೃಂದದ ಮುಖ್ಯಸ್ಥರಾಗಿದ್ದ ಸರ್ಗೇಯ್ ಕೂಸೆವಿಟ್‌ಸ್ಕಿ ಅವರ ಕೋರಿಕೆಯಂತೆ ಮೆಸ್ಸಿಯಾಂ 1946ರಿಂದ 1948ರವರೆಗೆ ದುಡಿದು ರಚಿಸಿದ ಹತ್ತು ಭಾಗಗಳ ಬೃಹತ್ ಕೃತಿ ‘ತುರಂಗಲೀಲಾ ಸಿಂಫನಿ’. ಸಿಂಫನಿಯೆಂದರೆ ಪೂರ್ಣ ವಾದ್ಯವೃಂದಕ್ಕಾಗಿ ಹಲವು ಭಾಗಗಳಲ್ಲಿ ರಚಿಸುವ ದೀರ್ಘ ಕೃತಿ. 1949ರ ಡಿಸೆಂಬರ್ 2ರಂದು ಬಾಸ್ಟನ್ನಿನಲ್ಲಿ ಲೆನಾರ್ಡ್ ಬರ್ನ್‌ಸ್ಟೈನ್ ಅವರ ನಿರ್ದೇಶನದಲ್ಲಿ ಇದು ಮೊದಲು ಪ್ರಯೋಗಗೊಂಡಿತು. ತುರಂಗಲೀಲಾ ಎಂಬ ಹೆಸರು ಶಾರ್ಙ್ಗದೇವನ ತಾಳಪಟ್ಟಿಯಿಂದಲೇ ಬಂದದ್ದು. ಸುಮಾರು ಒಂದೂಕಾಲು ಗಂಟೆಯ ಈ ಕೃತಿಯಲ್ಲಿ ಪೂರ್ಣ ವಾದ್ಯವೃಂದದ ಜೊತೆಗೆ ಅತಿಕಷ್ಟದ ಪಿಯಾನೊ ವಾದನವಿದೆ. ಮೊರೀಸ್ ಮಾರ್ತ್‌ನೋ ಎಂಬ ಫ್ರೆಂಚ್ ತಂತ್ರಜ್ಞ 1928ರಲ್ಲಿ ಲೋಕಕ್ಕೆ ಪರಿಚಯಿಸಿದ, ಸ್ವರದಿಂದ ಸ್ವರಕ್ಕೆ ಜಾರುತ್ತ ಹಾಡಬಲ್ಲ ವಿದ್ಯುತ್ ವಾದ್ಯ ‘ಓಂದ್ ಮಾರ್ತ್‌ನೋ’ ಕೂಡ ಇದೆ.

ಈ ಸಿಂಫನಿಯಲ್ಲಿ ಮೆಸ್ಸಿಯಾಂ ‘ಲಯಪಾತ್ರಗಳು’ ಎಂಬ ತಮ್ಮ ಕಲ್ಪನೆಯನ್ನು ವಿಸ್ತಾರವಾಗಿ ಬಳಸಿದರು. ನಾಟಕದ ರಂಗದ ಮೇಲೆ ಮೂವರು ಪಾತ್ರಧಾರಿಗಳಿರುವಂತೆ ಮೂರು ಲಯವಿನ್ಯಾಸಗಳು ಒಟ್ಟಿಗೆ ಕೇಳಿಬರುತ್ತವೆ. ಒಂದು ಪ್ರತಿ ಆವೃತ್ತಿಯಲ್ಲೂ ಬೆಳೆಯುತ್ತದೆ, ಇನ್ನೊಂದು ಕುಗ್ಗುತ್ತದೆ, ಮೂರನೆಯದು ಬದಲಾಗದೆ ನಿಂತು ನೋಡುತ್ತದೆ. ಇಗೋರ್ ಸ್ಟ್ರಾವಿನ್‌ಸ್ಕಿಯ ‘ವಸಂತಾರಾಧನೆ’ ಎಂಬ ಬ್ಯಾಲೆ ಸಂಗೀತವನ್ನು ವಿಶ್ಲೇಷಿಸುತ್ತ ಅವರು ಈ ತತ್ತ್ವವನ್ನು ಕಂಡುಕೊಂಡದ್ದು. ಸ್ರೋತೋವಹ, ಗೋಪುಚ್ಛ, ಸಮಯತಿಗಳ ಪರಿಚಯವಿರುವ ಕೇಳುಗರು ಈ ಮೂರು ಪಾತ್ರಗಳನ್ನು ಬೇಗನೆ ಗುರುತಿಸಬಲ್ಲರು.

ಕನ್ಸರ್ವೇಟರಿಯ ಅವರ ತರಗತಿ ಯುದ್ಧಾನಂತರದ ಯುರೋಪಿನ ಹೊಸ ಸಂಗೀತಕ್ಕೆ ತವರಾಯಿತು. ಪಿಯರ್ ಬುಲೇಜ್, ಕಾರ್ಲ್‌ಹೈನ್ಜ್ ಸ್ಟಾಕ್‌ಹೌಸೆನ್, ಯಾನಿಸ್ ಕ್ಸೆನಾಕಿಸ್, ಮುಂದಿನ ಪೀಳಿಗೆಯ ಜೆರಾರ್ ಗ್ರಿಸೆ, ತ್ರಿಸ್ತಾಂ ಮ್ಯುರಾಯ್, ಇಂಗ್ಲೆಂಡಿನ ಜಾರ್ಜ್ ಬೆಂಜಮಿನ್ ಮುಂತಾದವರು ಅಲ್ಲಿ ಕುಳಿತು ಕಲಿತವರು. ವಾಸ್ತುಶಿಲ್ಪ ಕ್ಷೇತ್ರದಿಂದ ಬಂದಿದ್ದ ಗ್ರೀಕ್ ಮೂಲದ ಕ್ಸೆನಾಕಿಸ್‌ಗೆ, ಸಾಂಪ್ರದಾಯಿಕ ಸ್ವರಮೇಳದ ಪಾಠಗಳನ್ನು ಮೊದಲಿಂದ ಕಲಿಯುವ ಅಗತ್ಯವಿಲ್ಲ, ತನಗೆ ಗೊತ್ತಿರುವ ಗಣಿತ ಮತ್ತು ವಾಸ್ತುವಿದ್ಯೆಯನ್ನೇ ಸಂಗೀತವಾಗಿಸಬಹುದು ಎಂದು ಅವರು ಸಲಹೆ ಕೊಟ್ಟರು. ಆ ಸಲಹೆಯಿಂದ ಒಂದು ವಿಶಿಷ್ಟ ಸಂಗೀತಮಾರ್ಗವೇ ತೆರೆಯಿತು. 1949ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಮೆಸ್ಸಿಯಾಂ ಬರೆದ ಕಿರು ಪಿಯಾನೊ ಕೃತಿಯೊಂದರಲ್ಲಿ 36 ಸ್ವರಗಳು, 24 ಕಾಲಮಾನಗಳು, 12 ಬಗೆಯ ಬೆರಳೊತ್ತು, 7 ಹಂತದ ನಾದತೀವ್ರತೆಗಳನ್ನು ಮೊದಲೇ ನಿಗದಿಪಡಿಸಿ, ಪ್ರತಿ ಸ್ವರಕ್ಕೂ ತನ್ನದೇ ಆದ ಕಾಲಮಾನ, ಒತ್ತು, ತೀವ್ರತೆಗಳನ್ನು ಅಂಟಿಸಲಾಗಿತ್ತು. ಸಂಗೀತದ ಎಲ್ಲ ಗುಣಗಳನ್ನೂ ಪೂರ್ವನಿಶ್ಚಿತ ಶ್ರೇಣಿಗಳಿಂದ ನಿಯಂತ್ರಿಸುವ ಮಾರ್ಗವನ್ನು ಬುಲೇಜ್ ಮತ್ತು ಸ್ಟಾಕ್‌ಹೌಸೆನ್ ಕೆಲಕಾಲ ಹಿಡಿದದ್ದಕ್ಕೆ ಈ ಕೃತಿ ಮುಖ್ಯ ಪ್ರಚೋದನೆಯಾಯಿತು. ಆದರೆ ಆ ದಾರಿಯನ್ನು ತೆರೆದ ಮೆಸ್ಸಿಯಾಂ ಸ್ವತಃ ಅದರಲ್ಲಿ ಬಹುದೂರ ನಡೆಯಲಿಲ್ಲ. ಅವರ ಕಿವಿ ಆ ಹೊತ್ತಿಗೆ ಕಾಡಿನ ಕಡೆಗೆ ತಿರುಗಿತ್ತು.

ಹಕ್ಕಿಗಳ ಶಿಷ್ಯವೃತ್ತಿ

ಹಕ್ಕಿಗಳೇ ಭೂಮಿಯ ಮೇಲಿನ ಅತ್ಯುತ್ತಮ ಸಂಗೀತಗಾರರೆಂಬ ನಂಬಿಕೆ ಮೆಸ್ಸಿಯಾಂ ಅವರಿಗೆ ಹರೆಯದಿಂದಲೂ ಇತ್ತು. 1952ರಲ್ಲಿ ಪಕ್ಷಿತಜ್ಞ ಜಾಕ್ ದೆಲಮೆಂ ಅವರಲ್ಲಿ ಶಿಷ್ಯರಂತೆ ಕಲಿತು, ಬೇರೆ ಬೇರೆ ಜಾತಿಯ ಹಾಡುಗಳನ್ನು ಗುರುತಿಸುವ ಶಾಸ್ತ್ರೀಯ ಕ್ರಮವನ್ನು ರೂಢಿಸಿಕೊಂಡ ಮೇಲೆ, ಆ ನಂಬಿಕೆ ವ್ಯವಸ್ಥಿತ ಸಾಧನೆಯಾಯಿತು. ನಸುಕಿನಲ್ಲೇ ಕಾಡಿನಂಚಿಗೆ ಹೋಗಿ, ನೋಟ್‌ಬುಕ್ಕು ಪೆನ್ಸಿಲು ಹಿಡಿದು, ಕೇಳಿದ್ದನ್ನು ಕೇಳಿದಂತೆ ಸ್ವರಲಿಪಿಗೆ ಇಳಿಸುವುದು ಅವರ ಕ್ರಮ. ಹಕ್ಕಿಯ ಹಾಡು ಮನುಷ್ಯರ ವಾದ್ಯಗಳಿಗೆ ಎಟುಕದಷ್ಟು ವೇಗದ್ದು, ಎತ್ತರದ ಶ್ರುತಿಯದ್ದು. ಅದರ ಸ್ವರಾಂತರಗಳು ಪಿಯಾನೊದಲ್ಲಿ ಸಿಗದಷ್ಟು ಸೂಕ್ಷ್ಮ. ಆದ್ದರಿಂದ ಮೆಸ್ಸಿಯಾಂ ಅದರ ವೇಗವನ್ನು ತಗ್ಗಿಸಿ, ಕೆಳಗಿನ ಸ್ಥಾಯಿಗೆ ಇಳಿಸಿ, ಅಂತರಗಳನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸಿ ಬರೆಯುತ್ತಿದ್ದರು. ಹಕ್ಕಿಯ ಕಂಠದ ನಾದಗುಣವನ್ನು ತರಲು ಪ್ರತಿ ಸ್ವರಕ್ಕೂ ಬೇರೆ ಬೇರೆ ಕಾರ್ಡನ್ನು ಜೋಡಿಸುತ್ತಿದ್ದರು.

1956ರ ‘ಅನ್ಯದೇಶದ ಹಕ್ಕಿಗಳು’ ಎಂಬ ಕೃತಿಯಲ್ಲಿ ಅಮೆರಿಕ, ಚೀನಾ, ಮಲಯ ದೇಶಗಳ ಹಕ್ಕಿಗಳೊಂದಿಗೆ ಭಾರತದ ಮೈನಾ ಮತ್ತು ಶಾಮ ಹಕ್ಕಿಗಳೂ ಹಾಡುತ್ತವೆ. ಅವುಗಳ ಕೆಳಗೆ ತಾಳವಾದ್ಯಗಳು ಗ್ರೀಕ್ ಛಂದಸ್ಸಿನ ಗಣಗಳನ್ನೂ ದೇಶೀತಾಳಗಳನ್ನೂ ನುಡಿಸುತ್ತವೆ. 1956ರಿಂದ 1958ರವರೆಗೆ ಬರೆದ ‘ಹಕ್ಕಿಗಳ ಪಟ್ಟಿ’ ಪಿಯಾನೊಗಾಗಿ ರಚಿಸಿದ 13 ಕೃತಿಗಳ ಮಾಲೆಯಾಗಿದ್ದು, ಪೂರ್ತಿ ನುಡಿಸಲು ಎರಡೂವರೆ ಗಂಟೆಗೂ ಹೆಚ್ಚು ಕಾಲ ಬೇಕು. ಇದರ ಪ್ರತಿಯೊಂದು ಕೃತಿಯೂ ಒಂದು ಹಕ್ಕಿಯ ಹೆಸರನ್ನು ಹೊತ್ತಿದ್ದರೂ, ಫ್ರಾನ್ಸಿನ ಒಂದು ಪ್ರದೇಶದ ನೀರು, ಬಂಡೆ, ಬೆಳಕು, ನೆರೆಯ ಹಕ್ಕಿಗಳೆಲ್ಲ ಅದರೊಳಗಿವೆ. ಜೊಂಡಿನಲ್ಲಿ ಬಾಳುವ ಪುಟ್ಟ ಉಲಿಯಕ್ಕಿಯೊಂದಕ್ಕೆ ಮೀಸಲಾದ, ಸುಮಾರು ಅರ್ಧ ಗಂಟೆಯ ನಡುವಿನ ಕೃತಿಯಲ್ಲಿ ನಡುರಾತ್ರಿಯಿಂದ ಮರುದಿನದ ಬೆಳಗಿನ ಜಾವದವರೆಗಿನ ಒಂದು ಪೂರ್ಣ ದಿನ ಅಡಕವಾಗಿದೆ. ಸಂಯೋಜಕನ ಗಡಿಯಾರ ಬದಿಗೆ ಸರಿದು, ಕೆರೆಯಂಚಿನ ಜೀವಲೋಕದ ಗಡಿಯಾರ ಇಲ್ಲಿ ಸಂಗೀತವನ್ನು ನಡೆಸುತ್ತದೆ. ಕಾಲದ ಬಗೆಗಿನ ಅವರ ಅನ್ವೇಷಣೆಯಲ್ಲಿ ಪಕ್ಷಿಗಾನಕ್ಕೆ ಇರುವ ಸ್ಥಾನ ಇದು: ಮನುಷ್ಯನ ಅಳತೆಗೆ ಒಳಪಡದ, ಆದರೆ ಕ್ರಮವಿಲ್ಲದ್ದೂ ಅಲ್ಲದ ಇನ್ನೊಂದು ಕಾಲಗತಿ.

ವೈಯಕ್ತಿಕ ಬದುಕಿನ ಕಷ್ಟದ ವರ್ಷಗಳೂ ಇವೇ ಆಗಿದ್ದವು. 1932ರಲ್ಲಿ ಅವರು ಮದುವೆಯಾಗಿದ್ದ ಪಿಟೀಲುವಾದಕಿ ಮತ್ತು ಸಂಯೋಜಕಿ ಕ್ಲೇರ್ ದೆಲ್ಬೋಸ್ ಯುದ್ಧದ ಬಳಿಕ ಶಸ್ತ್ರಚಿಕಿತ್ಸೆಯೊಂದರ ನಂತರ ನೆನಪಿನ ಶಕ್ತಿಯನ್ನು ಕಳೆದುಕೊಂಡು, ಆರೈಕೆಯ ಮನೆಯಲ್ಲಿ ಬಹುಕಾಲ ಕಳೆದು, 1959ರಲ್ಲಿ ತೀರಿಕೊಂಡರು. ಮಗ ಪಾಸ್ಕಲ್‌ನನ್ನು ಮೆಸ್ಸಿಯಾಂ ತಾವೇ ಬೆಳೆಸಿದರು. 1961ರಲ್ಲಿ ಅವರು, ಹಿಂದೆ ತಮ್ಮ ವಿದ್ಯಾರ್ಥಿನಿಯಾಗಿದ್ದ ಪಿಯಾನೊವಾದಕಿ ಇವೋನ್ ಲೋರಿಯೊ ಅವರನ್ನು ವಿವಾಹವಾದರು. 1940ರ ದಶಕದಿಂದ ಮೆಸ್ಸಿಯಾಂ ಬರೆದ ಪಿಯಾನೊ ಸಂಗೀತದ ಬಹುಪಾಲು ಲೋರಿಯೊ ಅವರ ಅಸಾಧಾರಣ ಕೈಚಳಕವನ್ನು ನೆಚ್ಚಿಯೇ ರೂಪುಗೊಂಡದ್ದು.

ಕೊನೆಯ ಮೂರು ದಶಕಗಳು

ಎರಡು ಮಹಾಯುದ್ಧಗಳಲ್ಲಿ ಮಡಿದವರ ಸ್ಮರಣೆಗಾಗಿ ಫ್ರೆಂಚ್ ಸರ್ಕಾರದ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರ ಕೋರಿಕೆಯಂತೆ 1964ರಲ್ಲಿ ಬರೆದ ವಾದ್ಯವೃಂದದ ಕೃತಿ, ಅಮೆರಿಕದ ಯೂಟಾ ರಾಜ್ಯದ ಕೆಂಪು ಕಣಿವೆಗಳನ್ನು ನೋಡಿ ಬಂದು ರಚಿಸಿ 1974ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಯೋಗಗೊಂಡ ‘ಕಣಿವೆಗಳಿಂದ ನಕ್ಷತ್ರಗಳೆಡೆಗೆ’ ಇವೆರಡೂ ಅವರ ಪ್ರೌಢ ಶೈಲಿಯ ಮೈಲಿಗಲ್ಲುಗಳು. 1975ರಿಂದ ಎಂಟು ವರ್ಷ ದುಡಿದು ಮುಗಿಸಿದ ಏಕೈಕ ಒಪೆರಾ ‘ಅಸಿಸಿಯ ಸಂತ ಫ್ರಾನ್ಸಿಸ್’ 1983ರ ನವೆಂಬರ್ 28ರಂದು ಪ್ಯಾರಿಸ್ ಒಪೆರಾದಲ್ಲಿ ಸೇಜಿ ಒಜಾವಾ ಅವರ ನಿರ್ದೇಶನದಲ್ಲಿ ರಂಗಕ್ಕೆ ಬಂತು. ನಾಲ್ಕು ಗಂಟೆಗೂ ಮೀರಿದ ಈ ಕೃತಿಗೆ ಕಥೆಯನ್ನೂ ಸಾಹಿತ್ಯವನ್ನೂ ಅವರೇ ಬರೆದುಕೊಂಡರು. ಪಕ್ಷಿಗಳಿಗೆ ಧರ್ಮೋಪದೇಶ ಮಾಡಿದ ಸಂತನನ್ನು ನಾಯಕನಾಗಿ ಆರಿಸಿಕೊಂಡದ್ದರಿಂದ, ಶ್ರದ್ಧೆ, ಬಣ್ಣ, ಲಯ, ಹಕ್ಕಿಹಾಡು ಎಂಬ ಅವರ ನಾಲ್ಕೂ ಎಳೆಗಳು ಇಲ್ಲಿ ಒಂದೇ ನೇಯ್ಗೆಗೆ ಬಂದವು. 1992ರ ಏಪ್ರಿಲ್‌ನಲ್ಲಿ ಮೆಸ್ಸಿಯಾಂ ನಿಧನರಾದರು. ಅವರು ಪೂರ್ಣಗೊಳಿಸಿಟ್ಟಿದ್ದ ಕೊನೆಯ ಬೃಹತ್ ಕೃತಿಯನ್ನು ಅದೇ ವರ್ಷದ ನವೆಂಬರ್‌ನಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್ ವಾದ್ಯವೃಂದ, ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಅವರ ನಿರ್ದೇಶನದಲ್ಲಿ, ಮೊದಲ ಬಾರಿಗೆ ನುಡಿಸಿತು.

ಸಾಧನೆಯ ಬೆಲೆ

ಮೆಸ್ಸಿಯಾಂ ಅವರ ಸಂಗೀತಕ್ಕೆ ಟೀಕೆಗಳೂ ಎದುರಾಗಿವೆ. 1945ರಲ್ಲಿ ಪ್ಯಾರಿಸಿನ ಪತ್ರಿಕೆಗಳು, ಅವರು ಕೃತಿಗಳಿಗೆ ಬರೆದುಕೊಳ್ಳುತ್ತಿದ್ದ ಧಾರ್ಮಿಕ ಟಿಪ್ಪಣಿಗಳನ್ನೂ, ಭಕ್ತಿಗೆ ಒಗ್ಗದಷ್ಟು ಮೋಹಕವೆನಿಸಿದ ಅವರ ಸ್ವರಮೇಳವನ್ನೂ ಹಿಡಿದು ದೊಡ್ಡ ವಿವಾದವನ್ನೇ ನಡೆಸಿದವು. ಅವರ ರಚನೆಗಳು ಬೆಳೆಯುವುದಿಲ್ಲ, ಖಂಡದ ಪಕ್ಕದಲ್ಲಿ ಖಂಡವನ್ನು ಇಟ್ಟಂತೆ ಸಾಗುತ್ತವೆ ಎಂಬ ಆಕ್ಷೇಪವೂ ಇದೆ. ಆದರೆ ಬೆಳವಣಿಗೆಯೆಂಬುದು ಒಂದು ಗುರಿಯತ್ತ ಧಾವಿಸುವ ಕಾಲದ ಕಲ್ಪನೆ. ನಿಂತ ಕಾಲವನ್ನು ಕೇಳಿಸಲು ಹೊರಟವರನ್ನು ಆ ಅಳತೆಗೋಲಿನಿಂದ ಅಳೆದರೆ ಅವರ ಗುಣವೇ ದೋಷವಾಗಿ ತೋರುತ್ತದೆ. ಅವರ ಕೃತಿಗಳ ದೈರ್ಘ್ಯ ಕೆಲವೆಡೆ ಭಾರವೆನಿಸುವುದುಂಟು. ಹಾಗಿದ್ದರೂ ಶ್ರೇಷ್ಠ ರಚನೆಗಳಲ್ಲಿ ಆ ನಿಧಾನವೇ ಕೇಳುಗನ ಕಿವಿಯನ್ನು ಹದಗೊಳಿಸುತ್ತದೆ.

ಹೊಸತನ್ನು ತರಲು ಹಳೆಯದನ್ನು ಅಲ್ಲಗಳೆಯಬೇಕೆಂದು ನಂಬಿದ್ದವರು ಹೆಚ್ಚಾಗಿದ್ದ ಕಾಲದಲ್ಲಿ, ಗ್ರೀಕರ ಛಂದಸ್ಸು, ಶಾರ್ಙ್ಗದೇವನ ತಾಳಗಳು, ಚರ್ಚಿನ ಪ್ರಾರ್ಥನಾಗೀತೆಗಳು ಮತ್ತು ಕಾಡಿನ ಹಕ್ಕಿಗಳಿಂದ ವಿನಯದಿಂದ ಕಲಿತು, ಕಲಿತದ್ದರಿಂದ ಯಾರೂ ಕೇಳಿರದ ನಾದಲೋಕವನ್ನು ಕಟ್ಟಿದವರು ಮೆಸ್ಸಿಯಾಂ. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಸಂಯೋಜಕರ ಸಾಲಿನಲ್ಲಿ ಅವರ ಸ್ಥಾನ ನಿಶ್ಚಿತವಾದದ್ದು ಈ ಕಾರಣಕ್ಕೆ. ನಮ್ಮ ಸಂಗೀತ ವಿದ್ಯಾಲಯಗಳಲ್ಲಿ ದೇಶೀತಾಳಗಳನ್ನು ಪರೀಕ್ಷೆಗೆ ಬೇಕಾದ ಪಟ್ಟಿಯಾಗಿಯಷ್ಟೇ ಓದಿಸುವ ಬದಲು, ಅವುಗಳಿಂದ ಹೊಸ ರಚನೆಗೆ ಏನು ದೊರಕಬಹುದೆಂದು ಕೇಳುವ ಅಭ್ಯಾಸ ಬೆಳೆಯಬೇಕು. ಆ ಅಭ್ಯಾಸಕ್ಕೆ ಮೆಸ್ಸಿಯಾಂ ಅವರ ಸ್ವರಲಿಪಿಗಳು ಒಳ್ಳೆಯ ಪಠ್ಯವಾಗಬಲ್ಲವು. ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದ ಓದುಗರು ‘ಕಾಲಾಂತ್ಯಕ್ಕಾಗಿ ಚತುರ್ವಾದ್ಯ’ದ ಆರನೆಯ ಭಾಗದಿಂದ ಕೇಳಲು ತೊಡಗಬಹುದು, ಕೈಯಲ್ಲಿ ತಾಳ ಹಾಕುತ್ತ, ಎಲ್ಲಿ ತಪ್ಪಿತೆಂದು ಗಮನಿಸುತ್ತ ಮತ್ತೆ ಮತ್ತೆ ಕೇಳಿದರೆ, ಈ ಸಂಯೋಜಕರ ಲಯದ ಒಳಗುಟ್ಟು ಯಾವ ವ್ಯಾಖ್ಯಾನದ ನೆರವೂ ಇಲ್ಲದೆ ತಿಳಿಯುತ್ತದೆ.